ಆಂಟಿಬಯೋಟಿಕ್ ಎಲ್ಲರಿಗೂ ಹಂಚುವ ಮುನ್ನ

ಸಂಪಾದಕರಿಗೆ ನಮಸ್ಕಾರ,

ಸೇನೆಯ ತರಬೇತಿಗೆ ಸೇರಿದ ಹುಡುಗರಿಗೆಲ್ಲ ಮೊದಲೇ ಆಂಟಿಬಯೋಟಿಕ್ ಕೊಟ್ಟುಬಿಟ್ಟರೆ ಕೆಮ್ಮು, ನ್ಯುಮೋನಿಯಾ ಯಾವುದೂ ಹತ್ತಿರ ಸುಳಿಯುವುದಿಲ್ಲ ಎಂದು ವಾದಿಸುವವರಿದ್ದಾರೆ. ಯಾವ ರೋಗಾಣು, ಯಾವ ಔಷಧ ಎಂದು ಕೇಳದೆ ಇದಕ್ಕೆ ಹೂಂ ಅನ್ನುವುದು ಅಪಾಯ.

ಈ ಹುಡುಗರಿಗೆ ಸೋಂಕು ಬೇಗ ತಗಲುತ್ತದೆ, ನಿಜ. ಎಲ್ಲೆಲ್ಲಿಂದಲೋ ಬಂದವರು ಒಂದೇ ಹಾಲ್‌ನಲ್ಲಿ ಸಾಲಾಗಿ ಮಲಗುತ್ತಾರೆ. ನಿದ್ದೆ ಕಡಿಮೆ, ದಣಿವು ಜಾಸ್ತಿ. ಪಕ್ಕದವನ ಕೆಮ್ಮು ನೇರ ಮುಖಕ್ಕೆ ಬೀಳದಿರಲೆಂದು ಒಬ್ಬನ ತಲೆಯ ಪಕ್ಕ ಇನ್ನೊಬ್ಬನ ಕಾಲು ಬರುವಂತೆ ಮಲಗಿಸುವುದೂ ಉಂಟು.

ಅಮೆರಿಕದ ಸೇನೆಯಲ್ಲಿ ಹೊಸಬರಿಗೆ 12 ಲಕ್ಷ ಯೂನಿಟ್‌ನ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಕೊಡುವ ರೂಢಿ ದಶಕಗಳಿಂದ ಇದೆ. ಹಾಲಿನಂಥ ಗಟ್ಟಿ ಔಷಧ, ಸೊಂಟಕ್ಕೆ ಚುಚ್ಚಿದರೆ ಕೂರುವುದೂ ಕಷ್ಟ. ಸ್ಟ್ರೆಪ್ಟೋಕಾಕಸ್‌ನಿಂದ ಗಂಟಲು ಕೆಟ್ಟು, ರುಮ್ಯಾಟಿಕ್ ಜ್ವರವಾಗಿ, ಹೃದಯದ ಕವಾಟ ಹಾಳಾಗುವುದನ್ನು ಅದು ತಡೆಯುತ್ತದೆ. ಆ ಬ್ಯಾಕ್ಟೀರಿಯಾ ಇವತ್ತಿಗೂ ಪೆನಿಸಿಲಿನ್‌ಗೆ ಬಗ್ಗುತ್ತದೆ. ಹಾಗಾಗಿ ಸ್ಟ್ರೆಪ್ ಹಬ್ಬಿದ ಕಡೆ, ಅಲರ್ಜಿ ಇದೆಯೇ ಎಂದು ಕೇಳಿಕೊಂಡು ಇದನ್ನು ಕೊಡುವುದಕ್ಕೆ ನನ್ನ ತಕರಾರಿಲ್ಲ.

ಆದರೆ ಇದೊಂದನ್ನು ನೋಡಿ ಎಲ್ಲ ಔಷಧಕ್ಕೂ ಅದೇ ಲೆಕ್ಕ ಹಾಕಬಾರದು. ಎರಡನೇ ಮಹಾಯುದ್ಧದ ವೇಳೆ ಅಮೆರಿಕದ ನೌಕಾಪಡೆ ತರಬೇತಿ ಕೇಂದ್ರಗಳಲ್ಲಿ ಸಲ್ಫಾ ಗುಂಪಿನ ಸಲ್ಫಾಡಯಜೀನ್ ಮಾತ್ರೆಯನ್ನು ಸಾಮೂಹಿಕವಾಗಿ ನುಂಗಿಸಿತು. ಮೊದಮೊದಲು ಕಾಯಿಲೆ ಇಳಿಯಿತು, ಸ್ವಲ್ಪ ಕಾಲದಲ್ಲೇ ಆ ಮಾತ್ರೆಗೆ ಜಗ್ಗದ ಸ್ಟ್ರೆಪ್ ಹುಟ್ಟಿಕೊಂಡಿತು. 1960ರ ದಶಕದಲ್ಲಿ ಮಿದುಳಿನ ಪೊರೆಗೆ ಸೋಂಕು ತರುವ ಮೆನಿಂಗೋಕಾಕಸ್ ಬ್ಯಾಕ್ಟೀರಿಯಾ ಕೂಡ ಸಲ್ಫಾಕ್ಕೆ ಜಗ್ಗದಾಯಿತು. ಅಜಿಥ್ರೊಮೈಸಿನ್ ಎಂಬ ಆಂಟಿಬಯೋಟಿಕನ್ನು ಸುಮ್ನೆ ಎಲ್ಲರಿಗೂ ಹಂಚಿದರೆ ಮತ್ತೆ ಅದೇ ಆಗುವ ಭಯ ನನಗೆ. ಆ ಹುಡುಗರು ರಜೆಗೆ ಮನೆಗೆ ಹೋಗುವಾಗ ಔಷಧಕ್ಕೆ ಬಗ್ಗದ ರೋಗಾಣುವೂ ಜೊತೆಗೇ ಹೋಗುತ್ತದೆ, ಅಲ್ವಾ?

ಇನ್ನು ವೈರಸ್ ಮುಂದೆ ಆಂಟಿಬಯೋಟಿಕ್ ಆಟ ನಡೆಯುವುದೇ ಇಲ್ಲ. ಜ್ವರ, ಕೆಮ್ಮು ತಂದು ತರಬೇತಿ ಶಿಬಿರಗಳನ್ನು ಕಾಡುವ ಅಡೆನೊವೈರಸ್‌ಗೆ ಅಮೆರಿಕದ ಸೇನೆ 1971ರಿಂದ ಲಸಿಕೆ ಕೊಡುತ್ತಿತ್ತು. 1996ರಲ್ಲಿ ತಯಾರಿಕೆ ನಿಂತಿತು, ದಾಸ್ತಾನು ಮುಗಿಯುತ್ತಿದ್ದಂತೆ ಜ್ವರ ಮರಳಿತು. 2011ರಲ್ಲಿ ಲಸಿಕೆ ಮತ್ತೆ ಬಂದ ಮೇಲೆ ಪ್ರಕರಣಗಳು ಕುಸಿದವು.

ಹಾಗಾಗಿ ಮೊದಲು ಲಸಿಕೆ ಕೊಡಲಿ, ಮಂಚಗಳ ನಡುವೆ ಜಾಗ ಬಿಡಲಿ, ಗಂಟಲಿನ ಸ್ವಾಬ್ ತೆಗೆದು ಪರೀಕ್ಷಿಸಲಿ. ಇನ್ನೊಂದು ಮಾತು. ತರಬೇತಿ ತಪ್ಪಿ ತನ್ನ ನಂತರ ಬರುವ ಬ್ಯಾಚಿಗೆ ಬಿದ್ದೇನು ಎಂಬ ಹೆದರಿಕೆಗೆ ಜ್ವರ ಮುಚ್ಚಿಟ್ಟುಕೊಂಡು ಓಡುವ ಹುಡುಗರಿರುತ್ತಾರೆ. ಎರಡು ದಿನ ಮಲಗಿ ಎದ್ದವನು ತನ್ನ ಬ್ಯಾಚಿಗೇ ಮರಳಬಹುದು ಎಂಬ ನಿಯಮವಿದ್ದರೆ ಅದನ್ನು ಸೇರಿದ ಮೊದಲ ದಿನವೇ ಅವರಿಗೆ ಬಾಯಿಬಿಟ್ಟು ಹೇಳಬೇಕು.

– ಒಬ್ಬ ಓದುಗ