ಗುಂಡನಿಗೊಂದು ಪತ್ರ, ಪಡ್ಡಿನ ವಿಷಯವಾಗಿ

ಲೋ ಗುಂಡಾ,

ಪುಣೆಯಲ್ಲಿ ಕೂತುಕೊಂಡು ‘ಮೋರಿ ವಾಸನೆ ಬಿಟ್ಟರೆ ಕೆಂಗೇರೀಲಿ ಏನೋ ಇದೆ ತಿನ್ನೋಕೆ’ ಅಂತ ಕೇಳಿದ್ದೀಯ. ಅದೂ ನನ್ನ ಫೋಟೊ ಕೆಳಗೆ, ನಾಲ್ಕು ಜನ ನೋಡುವ ಹಾಗೆ. ಅದಕ್ಕೇ ಉತ್ತರವನ್ನೂ ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ. ವೃಷಭಾವತಿ ವಾಸನೆ ಇದೆ, ಒಪ್ಪಿದೆ. ಆದರೆ ನೀನು ನೋಡಿದ ಉಪನಗರ 2009ರದ್ದು. ಆಗ ನಮಗಿದ್ದದ್ದು ಒಂದು ದರ್ಶಿನಿ, ಒಂದು ಅಯ್ಯಂಗಾರ್ ಬೇಕರಿ, ಮತ್ತೆ ಆ ‘ಅರ್ಧ ಬೋಂಡಾ’ ಅಂಗಡಿ. ಅರ್ಧ ಬೋಂಡಾ ಬಗ್ಗೆ ಇಲ್ಲಿ ಜಾಸ್ತಿ ಬರೆಯಲ್ಲ. ನಿನ್ನ ಹೆಂಡತಿಯೂ ಓದುತ್ತಾರೆ.

ಈಗ ಕೇಳು. ಮೈಸೂರು ರಸ್ತೆಯ ಇಂಜಿನಿಯರಿಂಗ್ ಕಾಲೇಜುಗಳಿಗೆ ವಿಜಯಪುರ, ಬಾಗಲಕೋಟೆ ಕಡೆ ಹುಡುಗರು ಬಂದರು, ಪಿಜಿ ಹಿಡಿದರು. ಅವರ ಹಿಂದೆಯೇ ಖಾನಾವಳಿ ಬಂತು. ಈಗ ನಮ್ಮ ಮೂರನೇ ಅಡ್ಡರಸ್ತೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮೇಲೆ ಗಟ್ಟಿ ಮೊಸರು. 2021ರ ಆಗಸ್ಟಿನಲ್ಲಿ ಮೆಟ್ರೊ ಕೆಂಗೇರಿಗೆ ಬಂತು. ಅಲ್ಲಿಂದ ಸಂಜೆಯ ಜನವೇ ಬೇರೆ. ಏಳು ಗಂಟೆಗೆ ಇಳಿಯುವವರಿಗೆ ಮನೆ ತಲುಪುವ ಮೊದಲು ಬಾಯಿಗೆ ಏನಾದರೂ ಬೇಕು. ಚುರುಮುರಿ, ನಿಪ್ಪಟ್ಟು ಮಸಾಲೆ, ಮೆಣಸಿನಕಾಯಿ ಬಜ್ಜಿ. ಬಿಡದಿ ತಟ್ಟೆ ಇಡ್ಲಿಗೂ ಈಗ ಬಿಡದಿಗೆ ಹೋಗಬೇಕಿಲ್ಲ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆಯಿತಲ್ಲ, ಕಾರುಗಳೆಲ್ಲ ಊರ ಹೊರಗೇ ಹಾದುಹೋಗುತ್ತವೆ. ಇಡ್ಲಿಯೇ ಜನ ಇರುವ ಕಡೆ ಬಂದಿದೆ. ಭಾನುವಾರ ಮುದ್ದೆ, ನಾಟಿಕೋಳಿ ಸಾರು. ಆ ಮಿಲಿಟರಿ ಹೋಟೆಲಿನಲ್ಲಿ ಬೋಟಿ ಗೊಜ್ಜು ಹನ್ನೊಂದೂವರೆಗೆ ಖಾಲಿ. ತಡವಾಗಿ ಹೋದರೆ ಕ್ಯಾಷಿಯರ್ ನಮ್ಮನ್ನು ನೋಡುವ ನೋಟ ಇದೆಯಲ್ಲ, ಥೇಟ್ ನಮ್ಮ ಗಣಿತದ ಮೇಷ್ಟ್ರದು.

ಇದನ್ನೆಲ್ಲ ನಾನು ವಿಡಿಯೋ ಮಾಡಿ ಹಾಕುತ್ತಿದ್ದೇನೆ ಅನ್ನುವುದು ನಿನಗೆ ಗೊತ್ತು. ನಗಬೇಡ. ನಲವತ್ತು ದಾಟಿದ ಮೇಲೆ ಮನುಷ್ಯನಿಗೆ ಒಂದು ಚಟ ಬೇಕು. ನಿನ್ನ ಹಾಗೆ ಸೈಕಲ್ ಹೊಡೆಯುವ ಮಂಡಿ ನನ್ನದಲ್ಲ.

ಎಲ್ಲಕ್ಕಿಂತ ನಾನು ಹೇಳಬೇಕು ಅಂದುಕೊಂಡಿದ್ದು ಪಡ್ಡಿನ ಅಕ್ಕನ ಬಗ್ಗೆ. ಚಳ್ಳಕೆರೆ ಕಡೆಯವರು. ಎಣ್ಣೆ ಮಿಲ್ಲುಗಳ ಊರಿನವರಾದರೂ ಪಡ್ಡಿಗೆ ಎಣ್ಣೆ ಹಾಕುವುದು ಮಾತ್ರ ಹನಿ ಹನಿ. ನಮ್ಮ ಪಾರ್ಕಿನ ಮೂಲೆಯಲ್ಲಿ ಸಂಜೆ ಐದಕ್ಕೆ ಗಾಡಿ. ಲಾಕ್‌ಡೌನ್ ಕಾಲದಲ್ಲಿ ಬೀದಿ ವ್ಯಾಪಾರಿಗಳಿಗೆ ಬ್ಯಾಂಕಿನಿಂದ 10,000 ರೂಪಾಯಿ ಸಾಲ ಕೊಡುವ ಸ್ವನಿಧಿ ಅಂತ ಶುರುವಾಯಿತಲ್ಲ, ಅದರಲ್ಲಿ ಎರಡು ಬೀಡಿನ ಹಂಚು, ಒಂದು ಸ್ಟೌ ತಗೊಂಡೆ ಅಂತ ಹೇಳಿದ್ದರು. ಹಿಟ್ಟಿಗೆ ಅಕ್ಕಿ, ಉದ್ದು, ಮೆಂತ್ಯದ ಜೊತೆ ಒಂದು ಹಿಡಿ ಅವಲಕ್ಕಿ. ಈರುಳ್ಳಿ ಹೆಚ್ಚುವುದು ಎಷ್ಟು ಸಣ್ಣ ಅಂದರೆ ಹಲ್ಲಿಗೆ ಸಿಗಬಾರದು, ನಾಲಿಗೆಗೆ ಮಾತ್ರ ಸಿಗಬೇಕು. ಕಡ್ಡಿಯಲ್ಲಿ ಒಂದೊಂದನ್ನೇ ಹೊರಳಿಸುವಾಗ ಕೈ ನೋಡುತ್ತಿರಲಿಲ್ಲ, ಗಿರಾಕಿ ಜೊತೆ ಮಾತಾಡುತ್ತಲೇ ಇರುತ್ತಿದ್ದರು. ಮೊದಲ ಹಂಚಿನದು ಯಾವಾಗಲೂ ಅಂಟಿಕೊಳ್ಳುತ್ತಿತ್ತು. ಅದು ಪಾರ್ಕಿನ ಕರಿ ನಾಯಿಗೆ. ಎಂಟಕ್ಕೆ ನಲವತ್ತು ರೂಪಾಯಿ, ಶೇಂಗಾ ಚಟ್ನಿ ಕೇಳಿದಷ್ಟು. ನೀನಿದ್ದಿದ್ದರೆ ‘ಎರಡನೇ ಚಟ್ನಿ’ ಸಿದ್ಧಾಂತ ಶುರು ಮಾಡುತ್ತಿದ್ದೆ.

ಜನವರಿಯಲ್ಲಿ ಅವರದ್ದೊಂದು ವಿಡಿಯೋ ಹಾಕಿದೆ. ನನ್ನ ಬೇರೆ ವಿಡಿಯೋಗಳನ್ನು ನೋಡುವವರು ನಾನು, ನಮ್ಮ ಅತ್ತಿಗೆ, ನೀನು. ಇದನ್ನು ಒಂದೂವರೆ ಲಕ್ಷ ಜನ ನೋಡಿದರು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಕರಿ ನಾಯಿಯಿಂದ ಇರಬೇಕು.

ಮುಂದಿನ ಶನಿವಾರ ಗಾಡಿ ಮುಂದೆ ಮೂವತ್ತು ಸ್ಕೂಟರ್. ರಾಜಾಜಿನಗರದಿಂದೆಲ್ಲ ಬಂದಿದ್ದರು. ನಾನು ಬಾಲ್ಕನಿಯಲ್ಲಿ ನಿಂತು, ನೋಡು, ನನ್ನಿಂದ ಅಂತ ಮನೆಯವಳಿಗೆ ತೋರಿಸಿದೆ. ಅಕ್ಕ ತಂಗಿಯ ಮಗನನ್ನು ಕರೆಸಿಕೊಂಡರು, ಮೂರನೇ ಹಂಚು ತಂದರು. ನನ್ನ ಹತ್ತಿರ ದುಡ್ಡು ತಗೊಳ್ಳುವುದನ್ನೇ ನಿಲ್ಲಿಸಿದರು. ‘ಬಿಡಣ್ಣ, ನಿಮ್ಮಿಂದಾನೇ ಇದೆಲ್ಲ’ ಅನ್ನುತ್ತಿದ್ದರು.

ಇಲ್ಲಿಗೆ ನಿಲ್ಲಿಸಿ, ಯಾವಾಗ ಬರ್ತೀಯ ಅಂತ ಕೇಳಿ ಪತ್ರ ಮುಗಿಸಬೇಕು ಅಂತಿದ್ದೆ. ಆಗುತ್ತಿಲ್ಲ.

ಮಾರ್ಚಿನಲ್ಲಿ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಒಂದು ಅರ್ಜಿ ಬಂತು. ತಿಂಡಿ ಗಾಡಿಯಿಂದ ಪಾರ್ಕಿಂಗ್ ತೊಂದರೆ, ಕಸ, ಗಲಾಟೆ. ಸಹಮತ ಇರುವವರು ಕೆಳಗೆ ಹೆಸರು ಸೇರಿಸಿ ಮುಂದೆ ಕಳಿಸಿ ಅಂತ. ಒಬ್ಬೊಬ್ಬರೇ ಕಾಪಿ ಮಾಡಿ ಹೆಸರು ಹಾಕುತ್ತಾ ಹೋದರು. 14ನೇ ಹೆಸರು ನನ್ನದು.

ಹೌದು ಕಣೋ. ಆ ಭಾನುವಾರ ಬೆಳಗ್ಗೆ ನನ್ನ ಗೇಟಿಗೆ ಅಡ್ಡವಾಗಿ ಯಾರದೋ ಬುಲೆಟ್ ನಿಂತಿತ್ತು. ಬೆಳಗ್ಗೆ ಪಡ್ಡಿನ ಗಾಡಿಯೇ ಇರುವುದಿಲ್ಲ, ಅದು ಆ ಕ್ಷಣಕ್ಕೆ ತಲೆಗೆ ಹೋಗಲಿಲ್ಲ. ಕಾರು ತೆಗೆಯಲು ಇಪ್ಪತ್ತು ನಿಮಿಷ ಆಯಿತು. ನಾನು ಹೋಗುತ್ತಿದ್ದದ್ದು ಆಸ್ಪತ್ರೆಗೂ ಅಲ್ಲ, ಮದುವೆಗೂ ಅಲ್ಲ. ಬೋಟಿ ಗೊಜ್ಜಿನ ವಿಡಿಯೋ ಮಾಡಲು. ಹೋಗುವಷ್ಟರಲ್ಲಿ ಖಾಲಿ. ಆ ಸಿಟ್ಟಿನಲ್ಲಿ, ಹೋಟೆಲಿನ ಮುಂದೆ ಕಾರಿನಲ್ಲೇ ಕೂತು, ಹೆಸರು ಹಾಕಿದೆ. ಹೆಬ್ಬೆರಳಿಗೆ ಎರಡು ಸೆಕೆಂಡಿನ ಕೆಲಸ.

ಒಂಬತ್ತು ದಿನದ ಮೇಲೆ ಗಾಡಿ ಎತ್ತಿಸಲು ಪಾಲಿಕೆಯ ಲಾರಿ ಬಂತು. ಹಂಚು ನೆಲಕ್ಕೆ ಬಿದ್ದ ಸದ್ದು ನಮ್ಮ ಅಡುಗೆಮನೆಗೇ ಕೇಳಿಸಿತು. ಬಾಲ್ಕನಿಗೆ ಹೋದೆ. ಅಕ್ಕ ಸ್ಟೌ ಹಿಡಿದುಕೊಂಡು ಏನೋ ಹೇಳುತ್ತಿದ್ದರು. ಒಂದು ಸಲ ಮೇಲೆ ನೋಡಿದರು ಅನ್ನಿಸಿತು. ನಾನು ಒಳಗೆ ಬಂದು ಟಿವಿ ಹಾಕಿದೆ.

ಬೀದಿ ವ್ಯಾಪಾರಿಗಳಿಗೆ 2014ರಲ್ಲೇ ಒಂದು ಕಾನೂನು ಬಂದಿದೆ, ನೋಡಿದ್ದೀಯಾ? ಎಬ್ಬಿಸುವುದಾದರೆ 30 ದಿನ ಮೊದಲು ನೋಟಿಸ್ ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಕೊಡಬೇಕು. ಕೇಳಿಕೊಂಡು ಹೋದರೆ ಎರಡು ಕೆಲಸದ ದಿನದೊಳಗೆ ಸಾಮಾನು, ಕೆಡುವಂಥದ್ದಾದರೆ ಅದೇ ದಿನ ವಾಪಸ್. ರುಬ್ಬಿದ ಹಿಟ್ಟು ಕೆಡುವ ವಸ್ತುವೇ ತಾನೆ? ಇಷ್ಟೆಲ್ಲ ನಾನು ಓದಿದ್ದು ಆಮೇಲೆ, ರಾತ್ರಿ ಒಂದು ಗಂಟೆಗೆ, ನಿದ್ದೆ ಬರದೆ. ಮೊದಲೇ ಓದಿ ಆ ಲಾರಿಯವರ ಮುಂದೆ ನಿಂತು ಹೇಳುವ ಗಂಡಸು ನಾನಲ್ಲ ಅಂತ ನಿನಗೂ ಗೊತ್ತು. ಕಾಲೇಜಿನ ಮೆಸ್ಸಿನಲ್ಲಿ ಹುಳು ಸಿಕ್ಕಾಗ ತಟ್ಟೆ ಹಿಡಿದು ಹೋಗಿದ್ದು ನೀನು. ನಾನು ಹಿಂದೆ ನಿಂತು ‘ಹೌದು ಹೌದು’ ಅಂದವನು.

ವಿಷಯ ಇನ್ನೂ ಇದೆ. ಹೋದ ವಾರ ಅವರು ಮೆಟ್ರೊ ಸ್ಟೇಷನ್ ಹತ್ತಿರ ಸಿಕ್ಕರು. ಗಾಡಿ ಇಲ್ಲ. ಸ್ಟೂಲಿನ ಮೇಲೆ ಒಂದೇ ಒಂದು ಹಂಚು. ನನ್ನನ್ನು ನೋಡಿ ಮುಖ ಅರಳಿತು. ‘ಅಣ್ಣಾ, ಊಟ ಆಯ್ತಾ’ ಅಂದರು. ಕೇಳದೇ ಎಂಟು ಹಾಕಿಕೊಟ್ಟರು. ಆಮೇಲೆ, ‘ಇಲ್ಲಿಗೂ ಒಂದು ವಿಡಿಯೋ ಮಾಡಣ್ಣ, ಜನಕ್ಕೆ ಜಾಗ ಗೊತ್ತಾಗ್ಲಿ’ ಅಂದರು.

ನಾನು ಹೇಳಲಿಲ್ಲ. ಹೇಳಬೇಕಿತ್ತು ಅಲ್ವಾ? ಹೇಳಿ ಏನಾಗುತ್ತಿತ್ತು? ಐವತ್ತು ರೂಪಾಯಿ ಕೊಟ್ಟು ಚಿಲ್ಲರೆ ಬೇಡ ಅಂದೆ. ಹತ್ತು ರೂಪಾಯಿ ಕಣೋ. ಮೆಟ್ಟಿಲು ಹತ್ತುವಾಗ ಲೆಕ್ಕ ಹಾಕಿ ನನಗೇ ಅಸಹ್ಯ ಆಯಿತು.

ವಿಡಿಯೋ ತೆಗೆದಿದ್ದೇನೆ. ಹಾಕಿಲ್ಲ. ಹಾಕಿದರೆ ಜನ ಬರುತ್ತಾರೆ, ಸ್ಕೂಟರ್ ಬರುತ್ತವೆ, ಅಲ್ಲೂ ಒಂದು ವಾಟ್ಸಾಪ್ ಗ್ರೂಪ್ ಇದ್ದೇ ಇರುತ್ತದೆ. ಹಾಕದಿದ್ದರೆ ದಿನಕ್ಕೆ ಹದಿನೈದು ಪ್ಲೇಟು, ಅಷ್ಟೇ.

ಸರಿ ಬಿಡು, ಸುಮ್ನೆ ನಿನ್ನ ಮಧ್ಯಾಹ್ನ ಹಾಳು ಮಾಡಿದೆ. ಬಡಾವಣೆಯ ಗ್ರೂಪಿನವರು ಯಾರಾದರೂ ಇದನ್ನು ಓದುತ್ತಿದ್ದರೆ ನಮಸ್ಕಾರ ಸರ್, ನಾನೇ 14. ನೀರಿನ ಟ್ಯಾಂಕಿನ ದುಡ್ಡು ಹತ್ತನೇ ತಾರೀಕಿನೊಳಗೆ ಕೊಡುತ್ತೇನೆ.

ನೀನು ಡಿಸೆಂಬರಿನಲ್ಲಿ ಬಾ. ಅಕ್ಕನ ಹತ್ತಿರ ಕರೆದುಕೊಂಡು ಹೋಗುತ್ತೇನೆ. ನೀನೇ ಹೇಳಿಬಿಡು, ನಾನು ಹಿಂದೆ ನಿಂತು ‘ಹೌದು ಹೌದು’ ಅನ್ನುತ್ತೇನೆ. ಬರುವಾಗ ಬಾಕರವಡಿ ತಾ. ಹೋದ ಸಲದ ಹಾಗೆ ದಾರಿಯಲ್ಲೇ ಅರ್ಧ ಮುಗಿಸಿ ‘ಪ್ಯಾಕೆಟ್ಟೇ ಸಣ್ಣದು’ ಅನ್ನಬೇಡ.

ನಿನ್ನ,
ಅರ್ಧ ಬೋಂಡಾದ ಇನ್ನರ್ಧ