ಹಾಸು ಚೀನಾದ್ದು, ಹೊಕ್ಕು ರಾಮನಗರದ್ದು: ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರ,

ಬಜೆಟ್ ಅಧಿವೇಶನ ಶುರುವಾಗೋದ್ರೊಳಗೆ ಈ ಪತ್ರ ನಿಮ್ಮ ಕೈ ಸೇರ್ಲಿ ಅಂತ ಬರೀತಿದೀನಿ ಸಾರ್. ವಿಷಯ ರೇಷ್ಮೆ. ಜಾಗತೀಕರಣ ಅಂದ ತಕ್ಷಣ ನಮ್ಮ ಕಡೆ ಎರಡೇ ಮಾತು ಕೇಳ್ಸುತ್ತೆ, ಒಂದು ಐಟಿ, ಏರ್‌ಪೋರ್ಟು, ವಿದೇಶಿ ಬಂಡವಾಳ ಅಂತ ಹೊಗಳೋದು, ಇನ್ನೊಂದು ನಮ್ಮ ಸಂಸ್ಕೃತಿ ಹಾಳಾಗೋಯ್ತು ಅಂತ ಗೋಳಾಡೋದು. ನಾನು ಎರಡೂ ಮಾಡಲ್ಲ. ನಮ್ಮನೇಲಿ ಹುಳ ಸಾಕ್ತೀವಿ, ಗೂಡು ಮಾರ್ತೀವಿ, ಅಷ್ಟರಲ್ಲಿ ನಂಗೆ ಕಂಡಿದ್ದನ್ನ ಹೇಳ್ತೀನಿ.

ಮೊದ್ಲು ಒಂದು ಸೀರೆ ತಗೊಳಿ. ಪವರ್‌ಲೂಮ್ ನೇಕಾರರನ್ನ ಕೇಳಿ ನೋಡಿ, ಹಾಸಿಗೆ, ಅಂದ್ರೆ ಸೀರೆಯ ಉದ್ದದ ಎಳೆಗೆ, ಚೀನಾ ನೂಲೇ ಬೇಕು ಅನ್ನೋರು ಸುಮಾರು ಜನ ಸಿಗ್ತಾರೆ. ಯಾಕಂದ್ರೆ ಆ ಎಳೆ ಉದ್ದಕ್ಕೂ ಒಂದೇ ದಪ್ಪ ಇರುತ್ತೆ, ಮಗ್ಗದ ಸ್ಪೀಡಿಗೆ ತುಂಡಾಗಲ್ಲ. ನಮ್ಮ ಚರಕದ ನೂಲು ಹೊಕ್ಕಿಗೆ ಹೋಗುತ್ತೆ. ಅಂದ್ರೆ ನಮ್ಮ ಸಂಪ್ರದಾಯ ಅಂತ ಮದುಮಗಳಿಗೆ ಉಡಿಸೋ ಸೀರೆಯಲ್ಲಿ ಉದ್ದದ ಎಳೆ ಚೀನಾದ್ದು, ಅಡ್ಡದ ಎಳೆ ರಾಮನಗರದ್ದೋ ಶಿಡ್ಲಘಟ್ಟದ್ದೋ ಆಗಿರಬಹುದು. ಇದನ್ನ ಕೇಳಿ ಕೆಲವರಿಗೆ ಬೇಜಾರಾಗುತ್ತೆ, ನಂಗೇನೂ ಆಗಲ್ಲ.

ಯಾಕಂದ್ರೆ ಮೈಸೂರು ರೇಷ್ಮೆ ಹುಟ್ಟಿದ್ದೇ ಹೊರಗಿನವರ ಜೊತೆ ಸೇರ್ಕೊಂಡು. ಟಿಪ್ಪು ಕಾಲದಲ್ಲಿ ಬಂಗಾಳದಿಂದ ಹುಳ ತರಿಸಿದ್ರು, ಆಮೇಲೆ ಜೆಮ್‌ಶೆಡ್‌ಜಿ ಟಾಟಾ ಬೆಂಗಳೂರಲ್ಲಿ ಜಪಾನಿನವರನ್ನ ಕರೆಸಿ ರೇಷ್ಮೆ ಫಾರಂ ಮಾಡಿದ್ರು, ಫಾರಂ ಹೋದ್ರೂ ಟಾಟಾ ಸಿಲ್ಕ್ ಫಾರಂ ಅನ್ನೋ ಏರಿಯಾ ಹೆಸರು ಉಳ್ಕೊಂಡಿದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಲ್ಲಿ ನೇಯ್ಗೆ ಫ್ಯಾಕ್ಟರಿ ಹಾಕಿಸಿದಾಗ ಮಗ್ಗ ಬಂದಿದ್ದು ಸ್ವಿಟ್ಜರ್‌ಲ್ಯಾಂಡಿಂದ. ಈಗ ನಾವು ಸಾಕೋ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆ ಆಗೋ ಜಾತಿಯ) ಹುಳದ ಹಿಂದೆಯೂ ಜಪಾನಿನ ನೆರವಲ್ಲಿ 1991ರಿಂದ ಇಲ್ಲಿ ನಡೆದ ಪ್ರಾಜೆಕ್ಟ್ ಇದೆ. ಇನ್ನು ತಮಾಷೆ ನೋಡಿ, ಚೀನಾ ನೂಲಿಗೆ ಸರಿಸಮ ನಿಲ್ಲೋ ನೂಲು ತೆಗೀಬೇಕು ಅಂತ ಸರ್ಕಾರ ಸಬ್ಸಿಡಿ ಕೊಟ್ಟು ಹಾಕಿಸ್ತಿರೋ ಆಟೋಮ್ಯಾಟಿಕ್ ರೀಲಿಂಗ್ ಮಷಿನ್‌ಗಳೂ (ಗೂಡಿಂದ ನೂಲು ತೆಗೆಯೋ ಯಂತ್ರಗಳು) ಚೀನಾದಿಂದಲೇ ಬರೋದು!

ಹಾಗಾಗಿ ಬಾಗಿಲು ಹಾಕಿ ಅಂತ ಕೇಳೋಕೆ ನಾನು ಬಂದಿಲ್ಲ. ಬಾಗಿಲು ಯಾವಾಗ ತೆಗೀತಾರೆ, ಎಷ್ಟು ತೆಗೀತಾರೆ ಅನ್ನೋದು ನಮಗೆ ಮುಂಚೆ ಗೊತ್ತಾಗಲ್ಲ ಅನ್ನೋದೇ ನನ್ನ ತಕರಾರು.

2011ರ ಬಜೆಟ್ ನಿಮಗೆ ನೆನಪಿದೆಯೋ ಇಲ್ವೋ, ಗೂಡು ಬೆಳೆಯೋರು ಮರೆತಿಲ್ಲ. ಕಚ್ಚಾ ರೇಷ್ಮೆ ಮೇಲಿನ ಆಮದು ಸುಂಕ 30 ಪರ್ಸೆಂಟ್ ಇದ್ದಿದ್ದು ಒಂದೇ ಏಟಿಗೆ 5 ಪರ್ಸೆಂಟ್ ಆಯ್ತು. ಬಜೆಟ್ ಭಾಷಣದಲ್ಲಿ ಅದು ಒಂದು ಸಾಲು ಅಷ್ಟೆ. ಇಲ್ಲಿ ಗೂಡಿನ ರೇಟ್ ನೆಲಕಚ್ತು, ರೈತರು ಬೀದಿಗಿಳಿದ್ರು, ಎಷ್ಟೋ ಜನ ಹುಳಕ್ಕೆ ಸೊಪ್ಪು ಕೊಡೋ ಹಿಪ್ಪುನೇರಳೆ ತೋಟಾನೇ ಕಿತ್ತಾಕಿದ್ರು. 2013ರಲ್ಲಿ ಮತ್ತೆ ಅದನ್ನ 15ಕ್ಕೆ ಏರಿಸಿದ್ರು, ಸರಿ, ಆದ್ರೆ ಕಿತ್ತಾಕಿದ ತೋಟ ಅದೇ ಸ್ಪೀಡಲ್ಲಿ ವಾಪಸ್ ಬರುತ್ತಾ ಸಾರ್? ಹಿಪ್ಪುನೇರಳೆ ಒಂದ್ಸಲ ನಾಟಿ ಮಾಡಿದ್ರೆ ಹದಿನೈದು ವರ್ಷ ಸೊಪ್ಪು ಕೊಡುತ್ತೆ, ಆ ಲೆಕ್ಕ ನಂಬ್ಕೊಂಡೇ ನಾವು ಬ್ಯಾಂಕಲ್ಲಿ ಸಾಲ ತೆಗೆದು ಹುಳದ ಮನೆ ಕಟ್ಸೋದು, ಡ್ರಿಪ್ ಹಾಕ್ಸೋದು. ದೆಹಲಿಯವರ ಲೆಕ್ಕ ಮಾತ್ರ ಒಂದೇ ವರ್ಷದ್ದು.

ಇನ್ನೊಂದು ವಿಷಯ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ದೊಡ್ಡ ದೊಡ್ಡ ಚರ್ಚೆಗಳಲ್ಲಿ ಇದು ಬರೋದೇ ಇಲ್ಲ. ಚಾಕಿ ಹುಳ (ಎಳೇ ಮರಿಹುಳ) ತಂದು ಮನೇಲಿ ಮೇಯಿಸ್ತೀವಿ, ನಾಲ್ಕನೇ ಜ್ವರ (ಹುಳ ಮೇವು ಬಿಟ್ಟು ಚರ್ಮ ಕಳಚೋ ಹೊತ್ತು) ಎದ್ದ ಮೇಲೆ ಒಂದು ವಾರ ಹಗಲು ರಾತ್ರಿ ಸೊಪ್ಪು ಹಾಕಿದಷ್ಟೂ ಸಾಲಲ್ಲ, ಆಗ ಮನೆಯವರಿಗೆ ನಿದ್ದೆ ಇಲ್ಲ, ನೆಂಟರ ಮನೆ ಫಂಕ್ಷನ್ ಇಲ್ಲ. ಹಣ್ಣಾದ, ಅಂದ್ರೆ ಗೂಡು ಕಟ್ಟೋಕೆ ತಯಾರಾದ ಹುಳಾನ ಆಯ್ದು ಚಂದ್ರಿಕೆಗೆ (ಗೂಡು ಕಟ್ಟೋ ತಟ್ಟೆಗೆ) ಬಿಡ್ತೀವಿ, ಎರಡು ಮೂರು ದಿನಕ್ಕೆ ಗೂಡು ಕಟ್ಟಿ ಮುಗಿಸುತ್ತೆ, ಐದಾರನೇ ದಿನ ಬಿಡಿಸಿ ಮಾರ್ಕೆಟ್‌ಗೆ ತಗೊಂಡು ಹೋಗ್ಲೇಬೇಕು. ತಡ ಮಾಡಿದ್ರೆ ಹತ್ತು ಹನ್ನೆರಡು ದಿನದಲ್ಲಿ ಚಿಟ್ಟೆ ಗೂಡನ್ನ ತೂತು ಮಾಡ್ಕೊಂಡು ಆಚೆ ಬರುತ್ತೆ, ಆಮೇಲೆ ಆ ಗೂಡಲ್ಲಿ ಎಳೆ ತೆಗೆಯೋಕಾಗಲ್ಲ. ಚಿಟ್ಟೆ ಬರೋದಕ್ಕೂ ಮುಂಚೇನೇ ದಿನದಿಂದ ದಿನಕ್ಕೆ ತೂಕ ಇಳೀತಾ ಹೋಗುತ್ತೆ. ಅಂದ್ರೆ ರೇಟ್ ಬಿದ್ದಿದೆ, ಇನ್ನೊಂದು ತಿಂಗಳು ಕಾಯೋಣ ಅನ್ನೋ ಮಾತು ಗೂಡು ಬೆಳೆಯೋನ ಹತ್ರ ಇಲ್ವೇ ಇಲ್ಲ. ಆಮದಾದ ನೂಲು ಮಾತ್ರ ಗೋಡೌನಲ್ಲಿ ಎಷ್ಟು ತಿಂಗಳು ಬೇಕಾದ್ರೂ ಕಾಯುತ್ತೆ, ಅದರ ಮಾಲೀಕ ನಮ್ಮ ರೇಟ್ ಎಲ್ಲಿಗೆ ಬೀಳುತ್ತೆ ಅಂತ ಕೂತು ನೋಡಬಹುದು. ಮುಕ್ತ ಮಾರುಕಟ್ಟೆ ಅಂತೀವಲ್ಲ, ಅದ್ರಲ್ಲಿ ಒಬ್ಬನ ಕೈಯಲ್ಲಿ ಮಾತ್ರ ಟೈಮ್ ಇದೆ.

ಹಾಗಂತ ನೇಕಾರರದ್ದು ತಪ್ಪು ಅಂತಲ್ಲ. ನೂಲಿನ ರೇಟ್ ಏರಿದ್ರೆ ಅವರ ಮಗ್ಗ ನಿಲ್ಲುತ್ತೆ, ಗಿರಾಕಿ ಪಾಲಿಯೆಸ್ಟರ್ ಕಡೆ ತಿರುಗ್ತಾನೆ. ಪಾಲಿಯೆಸ್ಟರ್ ಸೀರೆಗೆ ಸೆಮಿ ಸಿಲ್ಕು, ಆರ್ಟ್ ಸಿಲ್ಕು ಅಂತ ಏನೇನೋ ಹೆಸರಿಟ್ಟು ಮಾರ್ತಾರೆ, ಹತ್ತು ಅಡಿ ದೂರದಿಂದ ನೋಡಿದ್ರೆ ನಂಗೂ ವ್ಯತ್ಯಾಸ ಗೊತ್ತಾಗಲ್ಲ. 2004ರಿಂದ ಸಿಲ್ಕ್ ಮಾರ್ಕ್ ಅಂತ ಲೇಬಲ್ ಇದೆ, ಒಳ್ಳೇದೇ, ಆದ್ರೆ ಅದು ಅಪ್ಪಟ ರೇಷ್ಮೆ ಹೌದೋ ಅಲ್ವೋ ಅಂತ ಮಾತ್ರ ಹೇಳುತ್ತೆ, ನೂಲು ಯಾವ ದೇಶದ್ದು ಅಂತ ಹೇಳಲ್ಲ. ಮತ್ತೆ ನೂಲಿಗೆ ಮಾತ್ರ ಸುಂಕ ಏರಿಸಿ, ನೇಯ್ದ ಬಟ್ಟೆಯನ್ನ ಯಾವುದೋ ವ್ಯಾಪಾರ ಒಪ್ಪಂದದ ಕಿಂಡಿಯಲ್ಲಿ ಒಳಗೆ ಬಿಟ್ರೆ ಆಗ ನೇಕಾರನೂ ಹೋದ, ನಾವೂ ಹೋದ್ವಿ.

ಸಂಸ್ಕೃತಿ ಅಂದ್ರೆ ನನ್ನ ಕಣ್ಣಿಗೆ ಬರೋದು ಸೀರೆಗಿಂತ ಮೊದ್ಲು ರಾಮನಗರದ ಗೂಡಿನ ಮಾರ್ಕೆಟ್ಟು. ಏಷ್ಯಾದಲ್ಲೇ ದೊಡ್ಡದು ಅಂತ ನಾವೆಲ್ಲ ಎದೆ ಉಬ್ಬಿಸಿ ಹೇಳ್ತೀವಲ್ಲ, ಅದೇ. (ಜಿಲ್ಲೆ ಹೆಸರು ಈಗ ಬೆಂಗಳೂರು ದಕ್ಷಿಣ ಆಗಿದೆ, ಗೂಡು ತರೋರು ಇವತ್ತಿಗೂ ರಾಮನಗರಕ್ಕೆ ಹೋಗಿ ಬರ್ತೀನಿ ಅಂತಾನೇ ಅನ್ನೋದು.) ರೀಲರ್ (ಗೂಡು ಕೊಂಡು ನೂಲು ತೆಗೆಸೋನು) ಬಂದು ಗೂಡನ್ನ ಒಂದು ಹಿಡಿ ಎತ್ತಿ ಒತ್ತಿ ನೋಡ್ತಾನೆ, ಕಿವಿ ಹತ್ರ ಅಲ್ಲಾಡಿಸ್ತಾನೆ, ಅವನ ಮುಖ ನೋಡೇ ನಮ್ಮಪ್ಪನಿಗೆ ಇವತ್ತು ರೇಟ್ ಹೆಂಗೆ ಅಂತ ಗೊತ್ತಾಗ್ತಿತ್ತು. ಈಗ ಹರಾಜು ಮೊಬೈಲಲ್ಲಿ ಆಗುತ್ತೆ, ಅದರಿಂದ ಮೋಸ ಕಮ್ಮಿ ಆಗಿದೆ, ಅದಕ್ಕೆ ನನ್ನ ಸಪೋರ್ಟ್ ಇದೆ. ಬೆಳೆಯೋರು ಹೆಚ್ಚಾಗಿ ಹಳ್ಳಿ ಒಕ್ಕಲಿಗರು, ದಲಿತರು, ರೀಲರ್‌ಗಳಲ್ಲಿ ಬಹಳಷ್ಟು ಜನ ಮುಸಲ್ಮಾನರು, ಒಬ್ಬರನ್ನ ಬಿಟ್ಟು ಒಬ್ಬರ ಕೆಲಸ ನಡೆಯಲ್ಲ, ಜಗಳ ಆಡಿದ್ರೂ ನಾಳೆ ಬೆಳಗ್ಗೆ ಮತ್ತೆ ಅದೇ ಜಾಗದಲ್ಲಿ ಎದುರು ಬದುರು ನಿಲ್ಲಲೇಬೇಕು. ರೀಲಿಂಗ್ ಶೆಡ್ಡಲ್ಲಿ ದಿನವಿಡೀ ಬಿಸಿನೀರಲ್ಲಿ ಎಳೆ ಹುಡುಕೋ ಹೆಂಗಸರ ಬೆರಳ ತುದಿ ಬೆಳ್ಳಗೆ ನೆನೆದು ಸುಕ್ಕುಗಟ್ಟಿರುತ್ತೆ. ಆ ಕೆಲಸ ನಮ್ಮ ಮಗಳಿಗೆ ಬೇಡ ಅಂತ ಅವರಂದ್ರೆ ನಾನು ಖಂಡಿತ ಒಪ್ತೀನಿ, ಸಂಸ್ಕೃತಿ ಉಳಿಸೋಕೆ ಯಾರ ಬೆರಳೂ ಬೇಯಬೇಕಾಗಿಲ್ಲ.

ಪಕ್ಕದಲ್ಲೇ ಬಿಡದಿ ಇದೆ, ಜಪಾನ್ ಕಾರ್ ಫ್ಯಾಕ್ಟರಿ ಬಂದ ಮೇಲೆ ನಮ್ಮ ಕಡೆ ಹುಡುಗ್ರಿಗೆ ಪಿಎಫ್ ಇರೋ ಕೆಲಸ ಸಿಕ್ಕಿದೆ, ಇದೂ ಜಾಗತೀಕರಣವೇ, ಇದನ್ನ ಬೇಡ ಅನ್ನೋಕೆ ನಂಗೇನು ಹುಚ್ಚಾ. ಎಕ್ಸ್‌ಪ್ರೆಸ್‌ವೇ ಪಕ್ಕದ ಜಮೀನಿಗೆ ಲೇಔಟ್‌ನವರು ಹೇಳೋ ರೇಟ್ ಮುಂದೆ ಯಾವ ಬೆಳೆಯ ಲೆಕ್ಕಾನೂ ನಿಲ್ಲಲ್ಲ, ಅದೂ ಗೊತ್ತು. ಆದ್ರೆ ಇಷ್ಟೆಲ್ಲ ಆದ್ರೂ ಹುಳ ಸಾಕೋಕೆ ನಿಂತಿರೋರು ಇದಾರಲ್ಲ ಸಾರ್, ಅವರು ಹಟಕ್ಕೆ ನಿಂತಿಲ್ಲ, ತಿಂಗಳು ತಿಂಗಳು ದುಡ್ಡು ನೋಡೋ ಬೆಳೆ ಸಣ್ಣ ಹಿಡುವಳಿದಾರನಿಗೆ ಬೇರೆ ಇಲ್ಲ ಅಂತ ನಿಂತಿರೋದು. ದೇಶದಲ್ಲಿ 2023-24ರಲ್ಲಿ 38 ಸಾವಿರ ಟನ್‌ಗೂ ಜಾಸ್ತಿ ಕಚ್ಚಾ ರೇಷ್ಮೆ ಬಂತು, ಅದರಲ್ಲಿ ಎಲ್ಲಾ ರಾಜ್ಯಕ್ಕಿಂತ ದೊಡ್ಡ ಪಾಲು ನಮ್ಮದೇ.

ಈಗ ನಿಮ್ಮಿಂದ ಏನು ಬೇಕು ಅಂತ ಹೇಳಿಬಿಡ್ತೀನಿ. ಬೆಂಗಳೂರಲ್ಲಿ ಸಿಲ್ಕ್ ಬೋರ್ಡ್ ಅಂದ್ರೆ ಟ್ರಾಫಿಕ್ ಜಾಮ್ ಅಷ್ಟೇ ನೆನಪಾಗೋದು, ಆದ್ರೆ ಆ ಜಂಕ್ಷನ್ನಿಗೆ ಹೆಸರು ಕೊಟ್ಟ ಕೇಂದ್ರ ರೇಷ್ಮೆ ಮಂಡಳಿಯಲ್ಲಿ ಕಾನೂನು ಪ್ರಕಾರ ಲೋಕಸಭೆಯಿಂದ 4, ರಾಜ್ಯಸಭೆಯಿಂದ 2 ಸದಸ್ಯರು ಇರ್ತಾರೆ. ಅಲ್ಲಿ ಕೂರೋ ಎಂಪಿಗಳ ಜೊತೆ ಮಾತಾಡಿ, ನೀವೇ ಹೋಗೋ ಹಂಗಿದ್ರೆ ಇನ್ನೂ ಒಳ್ಳೇದು. ಕಚ್ಚಾ ರೇಷ್ಮೆ ಸುಂಕ ಮುಂದಿನ ಐದು ವರ್ಷ ಹೆಂಗಿರುತ್ತೆ ಅಂತ ಮೊದಲೇ ಘೋಷಣೆ ಮಾಡ್ಲಿ, ಇಳಿಸೋದಾದ್ರೂ ಸ್ವಲ್ಪ ಸ್ವಲ್ಪ ಇಳಿಸ್ಲಿ, ಅದಕ್ಕೂ ಮುಂಚೆ ಬೆಳೆಯೋರು, ರೀಲರ್‌ಗಳು, ನೇಕಾರರು ಮೂವರನ್ನೂ ಒಂದೇ ರೂಮಲ್ಲಿ ಕೂರಿಸಿ ಕೇಳ್ಲಿ. ನೂಲು ಮತ್ತೆ ಬಟ್ಟೆ ಎರಡರ ಸುಂಕಾನೂ ಒಟ್ಟಿಗೆ ನೋಡ್ಲಿ. ಹೊಸ ವ್ಯಾಪಾರ ಒಪ್ಪಂದ ಆಗುವಾಗೆಲ್ಲ ರೇಷ್ಮೆ ಯಾವ ಪಟ್ಟಿಯಲ್ಲಿದೆ ಅಂತ ನೀವು ಸದನದಲ್ಲಿ ಪ್ರಶ್ನೆ ಹಾಕಿ. ರಾಜ್ಯ ಸರ್ಕಾರದವರ ಹತ್ರ ಮಾತಾಡಿ ಗೂಡು ಒಣಗಿಸೋ ಡ್ರೈಯರ್ (ಒಣಗಿಸಿದ್ರೆ ಚಿಟ್ಟೆ ಆಚೆ ಬರಲ್ಲ) ಮಾರ್ಕೆಟ್ಟಲ್ಲೇ ಬೆಳೆಯೋನ ಕೈಗೆ ಸಿಗೋ ಹಂಗೆ ಮಾಡ್ಸಿ, ಒಣಗಿದ ಗೂಡು ಅಡ ಇಟ್ಟು ಸಾಲ ತಗೊಳೋ ವ್ಯವಸ್ಥೆ ಇದ್ರೆ ರೇಟ್ ಬಿದ್ದಾಗ ನಾವೂ ಒಂದೆರಡು ತಿಂಗಳು ಕಾಯ್ತೀವಿ.

ಪಾರ್ಟಿ ಯಾವುದಾದ್ರೂ ಆಗಿರ್ಲಿ ನಂಗೆ ಅದು ಮುಖ್ಯ ಅಲ್ಲ, 2011ರಲ್ಲಿ ಸುಂಕ ಇಳಿಸಿದ್ದೂ 2013ರಲ್ಲಿ ಏರಿಸಿದ್ದೂ ಒಂದೇ ಸರ್ಕಾರ. ಈ ಅಧಿವೇಶನದಲ್ಲಿ ಪ್ರಶ್ನೆ ಹಾಕ್ತೀರಾ ಇಲ್ವಾ ಅನ್ನೋದನ್ನ ಎರಡು ಸಾಲಲ್ಲಿ ತಿಳಿಸಿ, ಇಲ್ಲ ಅಂದ್ರೂ ಪರವಾಗಿಲ್ಲ, ಕಾರಣ ಹೇಳಿ.

ಇಂತಿ,
ಹುಳ ಸಾಕೋ ಮನೆಯ ಒಬ್ಬ ಮತದಾರ