ಲೆಕ್ಕ ಕೇಳಬೇಕಾದರೆ ಲೆಕ್ಕದ ಪುಸ್ತಕ ಇರಬೇಕು

ಮಾನ್ಯ ಸಂಪಾದಕರೇ,

‘ಕ್ರಿಸ್ತ ಬೇಕು, ಚರ್ಚ್ ಬೇಡ’ ಎಂಬುದು ಈಗ ವಿದ್ಯಾವಂತರ ನಡುವೆ ದೊಡ್ಡ ಮಾತಾಗಿಬಿಟ್ಟಿದೆ. ನಾನು ಹಲವು ವರ್ಷ ಚರ್ಚಿನ ಸಭೆಯೊಂದರ ಖಜಾಂಚಿಯಾಗಿ ದುಡಿದವನು. ಜನ ಮೂಗು ಮುರಿಯುವ ಕಮಿಟಿ, ರಸೀದಿ, ಆಡಿಟ್ ಇವೇ ನನ್ನ ಪಾಲಿಗೆ ಬಂದ ಸೇವೆ. ಅವುಗಳ ಪರವಾಗಿ ನಾಲ್ಕು ಮಾತು ಹೇಳಬೇಕಾಗಿದೆ.

ಯೇಸು ಸಂಸ್ಥೆ ಕಟ್ಟಲಿಲ್ಲ, ಪಾದ್ರಿಗಳು ಆಮೇಲೆ ಕಟ್ಟಿಕೊಂಡರು ಎನ್ನುವವರು ಬೈಬಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯವನ್ನು ಓದಲಿ. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನದ ಆಹಾರ ಸರಿಯಾಗಿ ಸಿಗುತ್ತಿಲ್ಲವೆಂದು ದೂರು ಬಂತು. ಅಪೊಸ್ತಲರು, ಅಂದರೆ ಯೇಸುವಿನ ಆಪ್ತ ಶಿಷ್ಯರು, ಉಪದೇಶ ಮಾಡಿ ಸುಮ್ಮನಾಗಲಿಲ್ಲ. ಸಭೆಯೇ ಏಳು ಮಂದಿಯನ್ನು ಆರಿಸಿ, ಹಂಚಿಕೆಯ ಹೊಣೆಯನ್ನು ಅವರಿಗೆ ಒಪ್ಪಿಸಿತು. ಮುಂದೆ ಬಡವರಿಗಾಗಿ ಕೂಡಿಸಿದ ಹಣವನ್ನು ಒಯ್ಯುವಾಗಲೂ ಧರ್ಮಪ್ರಚಾರಕ ಪೌಲನು ಸಭೆಗಳು ನೇಮಿಸಿದವರನ್ನು ಜೊತೆಗಿಟ್ಟುಕೊಂಡ. ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದೆಂದು ಕೊರಿಂಥದ ಸಭೆಯವರಿಗೆ ಕಾರಣವನ್ನೂ ಬರೆದ. ಭಾನುವಾರದ ಕಾಣಿಕೆಯನ್ನು ಒಬ್ಬನೇ ಎಣಿಸಕೂಡದು, ಇಬ್ಬರು ಕುಳಿತು ಎಣಿಸಿ ಇಬ್ಬರೂ ಸಹಿ ಹಾಕಬೇಕು ಎಂದು ನಾವು ಹಟ ಹಿಡಿಯುತ್ತಿದ್ದುದು ಇದೇ ಎಚ್ಚರದಿಂದ.

ಕ್ರೈಸ್ತ ಮತವನ್ನು ತೊರೆದು ಹಳೆಯ ದೇವರುಗಳ ಪೂಜೆಯನ್ನು ಮತ್ತೆ ನೆಲೆಗೊಳಿಸಲು ಹೊರಟಿದ್ದ ರೋಮ್ ಚಕ್ರವರ್ತಿ ಜೂಲಿಯನ್, 362ರ ಸುಮಾರಿಗೆ ತನ್ನ ಪುರೋಹಿತನೊಬ್ಬನಿಗೆ ಬರೆದ ಪತ್ರದಲ್ಲಿ, ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದುದು ಹೀಗೆ) ತಮ್ಮ ಬಡವರನ್ನಲ್ಲದೆ ನಮ್ಮವರನ್ನೂ ಪೋಷಿಸುತ್ತಿದ್ದಾರೆ ಎಂದು ಹಲುಬಿದ. ವಿರೋಧಿಯೇ ನುಡಿದ ಸಾಕ್ಷ್ಯವಿದು. ಮುಂದಿನ ದಶಕದಲ್ಲಿ ಈಗಿನ ಟರ್ಕಿಯಲ್ಲಿರುವ ಕೈಸರೈಯದ ಬಿಷಪ್ ಬೆಸಿಲ್ ರೋಗಿಗಳಿಗೂ ದಾರಿಹೋಕರಿಗೂ ಊರಾಚೆ ಆಶ್ರಯಧಾಮವನ್ನೇ ಕಟ್ಟಿಸಿದ. ಏಕಾಂತ ಭಕ್ತಿಯಿಂದ ಅಂಥದ್ದು ಏಳುವುದಿಲ್ಲ. ಜಾಗ, ಆರೈಕೆಗೆ ಜನ, ಮುಂದಿನ ತಿಂಗಳ ಧಾನ್ಯ ಎಲ್ಲವನ್ನೂ ಯಾರಾದರೂ ಹೊಂದಿಸಲೇಬೇಕು.

ಚರ್ಚಿನ ತುಂಬ ಕಪಟಿಗಳು ಎಂಬ ದೂರಿಗೆ ದೀರ್ಘ ಉತ್ತರ ಬೇಕಿಲ್ಲ. ಆರಾಧನೆಯಲ್ಲಿ ಪಾಪದ ಅರಿಕೆ ಮಾಡುವ ಸಭೆ ತಾನು ನಿರ್ದೋಷಿಗಳ ಕೂಟವೆಂದು ಎಂದೂ ಹೇಳಿಕೊಂಡಿಲ್ಲ.

ನನ್ನ ನಿದ್ದೆ ಕೆಡಿಸುವುದು ಬೇರೆಯೇ ಆರೋಪ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ. ಹೆಸರು ಕೆಡಬಾರದೆಂದು ಅಪರಾಧಿ ಪಾದ್ರಿಗಳನ್ನು ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ವರ್ಗ ಮಾಡಿದ ಮೇಲಧಿಕಾರಿಗಳಿದ್ದರು. ಇದಕ್ಕೆ ನಾನು ಸಮರ್ಥನೆ ಹುಡುಕುವುದಿಲ್ಲ. ಆದರೆ ಅದು ಬಯಲಾದ ಬಗೆಯನ್ನೂ ಗಮನಿಸಿ. ನೊಂದವರು ಧೈರ್ಯ ಮಾಡಿ ಬಾಯಿ ತೆರೆದರು. 2002ರಲ್ಲಿ ಅಮೆರಿಕದ ಬಾಸ್ಟನ್ ಕ್ಯಾಥೊಲಿಕ್ ಧರ್ಮಪ್ರಾಂತ್ಯದ ಕಡತಗಳೇ ನ್ಯಾಯಾಲಯದ ಆದೇಶದಿಂದ ಹೊರಬಂದವು. ಆಸ್ಟ್ರೇಲಿಯಾದ ಸರ್ಕಾರ ನೇಮಿಸಿದ ತನಿಖಾ ಆಯೋಗ (ರಾಯಲ್ ಕಮಿಷನ್) 2013ರಿಂದ 2017ರವರೆಗೆ ನಡೆಸಿದ ವಿಚಾರಣೆಯಲ್ಲಿ ಬಿಷಪ್ಪರೂ ಪ್ರಶ್ನೆಗಳನ್ನು ಎದುರಿಸಬೇಕಾಯಿತು. ವರ್ಗಾವಣೆಯ ದಾಖಲೆ, ಅದಕ್ಕೆ ಸಹಿ ಹಾಕಿದ ಕೈ, ಪರಿಹಾರ ವಸೂಲು ಮಾಡಲು ಆಸ್ತಿ ಇದ್ದುದರಿಂದಲೇ ಚರ್ಚನ್ನು ಕಟಕಟೆಯಲ್ಲಿ ನಿಲ್ಲಿಸಲು ಸಾಧ್ಯವಾಯಿತು. ಯಾರಿಗೂ ಅಧೀನನಲ್ಲದೆ, ಸ್ವಂತ ಹೆಸರಿನಲ್ಲಿ ಕಾಣಿಕೆ ಎತ್ತುವ ಬೋಧಕನಿಂದ ಅದೇ ಅನ್ಯಾಯವಾದರೆ ಆ ಮಗುವಿನ ತಾಯಿ ಯಾರ ಬಾಗಿಲು ತಟ್ಟಬೇಕು?

ಚರ್ಚ್ ಬೇಡವೆಂದು ಹೊರಗೆ ನಿಂತವರು ದಯವಿಟ್ಟು ಸದಸ್ಯರಾಗಿ ಒಳಗೆ ಬರಲಿ. ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಕೇಳಲಿ: ಹೊರಗಿನವರಿಂದ ಆಡಿಟ್ ಆಗಿದೆಯೇ? ಮಕ್ಕಳಿಗೆ ಪಾಠ ಹೇಳುವವರ ಹಿನ್ನೆಲೆಯನ್ನು ಪರಿಶೀಲಿಸಿದ್ದೀರಾ? ದೂರು ಬಂದ ದಿನವೇ ಪೊಲೀಸರಿಗೆ ತಿಳಿಸುತ್ತೀರಾ?

– ಚರ್ಚೊಂದರ ಮಾಜಿ ಖಜಾಂಚಿ